ಹಿತ್ತಲಲ್ಲಿ ಹತ್ತು ಕೋಳಿ: ಗೂಡು ಕಟ್ಟುವುದರಿಂದ ಮೊಟ್ಟೆ ಎತ್ತುವವರೆಗೆ

ಮನೆ ಹಿಂದೆ ನಾಲ್ಕು ಗಜ ಜಾಗ ಇದ್ದವರಿಗೆ ಒಂದಲ್ಲ ಒಂದು ದಿನ ಕೋಳಿ ಸಾಕುವ ಆಸೆ ಬಂದೇ ಬರುತ್ತದೆ. ಆಸೆ ಬಂದ ವಾರವೇ ಸಂತೆಗೆ ಹೋಗಿ ನಾಲ್ಕು ಹೇಂಟೆ, ಒಂದು ಹುಂಜ ತರುತ್ತಾರೆ. ರಾತ್ರಿ ಮಂಕರಿ ಮುಚ್ಚಿ, ಮೇಲೊಂದು ಕಲ್ಲಿಟ್ಟು ಮಲಗುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಒಂದನ್ನು ನಾಯಿ ಎಳೆದಿರುತ್ತದೆ, ಎರಡು ತೂಕಡಿಸಿ ಸತ್ತಿರುತ್ತವೆ, ಉಳಿದವು ಸಾರಾಗಿರುತ್ತವೆ.

ಹಿತ್ತಲ ಕೋಳಿ ಕೈಕೊಡುವುದಕ್ಕೆ ಮುಖ್ಯವಾಗಿ ಎರಡೇ ಕಾರಣ. ರಾತ್ರಿ ಗೂಡು ಭದ್ರ ಇಲ್ಲದಿರುವುದು, ಲಸಿಕೆ ಹಾಕಿಸದಿರುವುದು. ತಳಿ, ಮೇವು, ಮೊಟ್ಟೆ ಲೆಕ್ಕ ಎಲ್ಲ ಆಮೇಲಿನ ಮಾತು. ಹಾಗಾಗಿ ಈ ಎರಡಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಶುರು ಮಾಡುವ ಮುಂಚೆ

ಎಷ್ಟು ಕೋಳಿ? ಮೊದಲ ಸಲಕ್ಕೆ ಎಂಟು ಹತ್ತು ಸಾಕು. ಅದರಲ್ಲಿ ಹುಂಜ ಒಂದೇ ಇರಲಿ. ಬರೀ ಮೊಟ್ಟೆ ಸಾಕು, ಮರಿ ಬೇಡ ಅನ್ನುವವರಿಗೆ ಹುಂಜವೇ ಬೇಕಿಲ್ಲ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಅದರಿಂದ ಮರಿ ಆಗುವುದಿಲ್ಲ ಅಷ್ಟೇ. ಪಟ್ಟಣದಲ್ಲಿ ಗೋಡೆಗೆ ಗೋಡೆ ತಾಗಿದ ಮನೆ ಇದ್ದರೆ ಹುಂಜದ ಆಸೆ ಬಿಡುವುದೇ ಒಳ್ಳೆಯದು. ಅದು ಬೆಳಗಾದ ಮೇಲೆ ಕೂಗುತ್ತದೆ ಅಂತ ಯಾರು ಹೇಳಿದರೋ, ಬೀದಿ ದೀಪ ನೋಡಿ ರಾತ್ರಿ ಎರಡು ಗಂಟೆಗೂ ಕೂಗುತ್ತದೆ.

ದಿನಕ್ಕೆ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕೆಲಸ. ಊರಿಗೆ ಹೋದಾಗ ಬಾಗಿಲು ತೆಗೆದು ಹಾಕುವವರು ಒಬ್ಬರು ಇರಬೇಕು. ಈ ಒಬ್ಬರು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ.

ಮೊದಲು ಗೂಡು, ಆಮೇಲೆ ಕೋಳಿ

ಹಗಲು ಅಡ್ಡಾಡುವ ಕೋಳಿಗೆ ರಾತ್ರಿ ಮಲಗಲು ಒಂದಕ್ಕೆ ಒಂದೂವರೆಯಿಂದ ಎರಡು ಚದರ ಅಡಿ ಜಾಗ ಸಾಕು. ಹತ್ತು ಕೋಳಿಗೆ ಐದು ಅಡಿ ಉದ್ದ, ನಾಲ್ಕು ಅಡಿ ಅಗಲದ ಗೂಡು ಅಂದುಕೊಳ್ಳಿ. ನೀವು ಬಗ್ಗಿ ಒಳಗೆ ಕೈ ಹಾಕಿ ಗುಡಿಸುವ ಹಾಗಿರಬೇಕು. ಉದ್ದ ಬದಿ ಪೂರ್ವ-ಪಶ್ಚಿಮಕ್ಕೆ ಬರುವಂತೆ ಕಟ್ಟಿದರೆ ಬಿಸಿಲು ನೇರ ಒಳಗೆ ನುಗ್ಗುವುದಿಲ್ಲ.

ನೆಲದಿಂದ ಒಂದೂವರೆ ಎರಡು ಅಡಿ ಎತ್ತರಿಸಿ ಕಟ್ಟುವುದು ಎಲ್ಲ ಕಡೆಗೂ ಒಳ್ಳೆಯದು. ಮಲೆನಾಡು, ಕರಾವಳಿಯಲ್ಲಂತೂ ಅದಿಲ್ಲದೆ ಆಗುವುದಿಲ್ಲ. ಮಳೆಗಾಲದ ಥಂಡಿ ನೆಲದಲ್ಲಿ ಕೋಳಿ ಕೂತರೆ ರೋಗ ತಾನಾಗಿಯೇ ಬರುತ್ತದೆ. ಅಡಿಕೆ ದಬ್ಬೆಯನ್ನು ಸಣ್ಣ ಸಂದು ಬಿಟ್ಟು ಹೊಡೆದು ತಳ ಮಾಡಿದರೆ ಹಿಕ್ಕೆ ಕೆಳಗೆ ಉದುರುತ್ತದೆ. ಸಂದು ಅರ್ಧ ಇಂಚಿಗಿಂತ ದೊಡ್ಡದು ಬೇಡ, ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ. ನೆಲದ ಮೇಲೇ ಕಟ್ಟುವುದಾದರೆ ಸಿಮೆಂಟ್ ನೆಲದ ಮೇಲೆ ಮೂರು ಇಂಚು ಭತ್ತದ ಹೊಟ್ಟನ್ನೋ ಮರದ ಹೊಟ್ಟನ್ನೋ ಹರಡಿ.

ಈಗ ಜಾಲರಿ. ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಕೇಳಿದರೆ ತೆಳು ತಂತಿಯ ಆರು ಮೂಲೆ ಕಣ್ಣಿನ ಬಲೆ ಕೊಡುತ್ತಾರೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ನಾಯಿ ಒಳಗೆ ಬರದಂತೆ ತಡೆಯುವುದಿಲ್ಲ. ನಾಯಿ ಹಲ್ಲಲ್ಲೇ ಕಿತ್ತು ಹಾಕುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಕೇಳಿ ತನ್ನಿ. ದುಡ್ಡು ಜಾಸ್ತಿ, ಆದರೆ ಉಳಿತಾಯ ಮಾಡುವ ಜಾಗ ಇದಲ್ಲ. ಮುಂಗುಸಿ, ಹೆಗ್ಗಣ, ಹಾವು ಮೂರಕ್ಕೂ ಇದೊಂದೇ ತಡೆ. ಕೇರೆ ಹಾವು, ನಾಗರ ಹಾವು ಮೊಟ್ಟೆ, ಮರಿಗೆ ಬರುತ್ತವೆ. ಅವುಗಳಿಗೆ ಒಂದು ಇಂಚಿನ ಸಂದೇ ಬಾಗಿಲು.

ನೆಲದ ಗೂಡಾದರೆ ಜಾಲರಿಯನ್ನು ಒಂದು ಅಡಿ ಮಣ್ಣಿನೊಳಗೆ ಇಳಿಸಿ, ತುದಿಯನ್ನು ಹೊರಮುಖವಾಗಿ ಮಡಚಿ ಮಣ್ಣು ಮುಚ್ಚಿ. ನಾಯಿ, ಮುಂಗುಸಿ ಕೆದಕುವುದು ಗೋಡೆಯ ಬುಡಕ್ಕೇ. ಉಗುರಿಗೆ ತಂತಿ ತಾಗಿದರೆ ಬಿಟ್ಟು ಹೋಗುತ್ತವೆ. ಬಾಗಿಲಿಗೆ ಹಗ್ಗ ಸುತ್ತಿ ಬಿಡಬೇಡಿ, ಚಿಲಕ ಹಾಕಿಸಿ. ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಗೂಡಿನೊಳಗೆ ದೀಪ ಹಚ್ಚಿಟ್ಟು ಹೊರಗಿನಿಂದ ಸುತ್ತ ನೋಡಿ. ಹಗಲು ಕಾಣದ ಸಂದು, ಶೀಟಿನ ಕೆಳಗಿನ ತೂತು, ಬಾಗಿಲ ಮೂಲೆ ಎಲ್ಲ ಬೆಳಕಿನ ಗೆರೆಯಾಗಿ ಕಾಣುತ್ತವೆ. ನಿಮ್ಮ ಹೆಬ್ಬೆರಳು ಹೋಗುವ ಸಂದನ್ನೆಲ್ಲ ಮುಚ್ಚಿ.

ತಗಡಿನ ಚಾವಣಿ ಹಾಕಿದರೆ ಮಾರ್ಚ್‌ನಿಂದ ಒಳಗೆ ಬೇಯುತ್ತದೆ. ಮೇಲೆ ಸುಣ್ಣ ಬಳಿದು ತೆಂಗಿನ ಗರಿ ಹೊದಿಸಿ. ರಾಯಚೂರು, ಕಲಬುರಗಿ ಕಡೆಯವರು ಗೂಡನ್ನು ಬೇವಿನ ಮರದ ನೆರಳಿಗೇ ಕಟ್ಟಿಬಿಡಿ.

ಕೋಳಿ ನೆಲದಲ್ಲಿ ಮಲಗುವ ಜಾತಿ ಅಲ್ಲ, ಎತ್ತರ ಹುಡುಕುತ್ತದೆ. ಎರಡು ಇಂಚು ದಪ್ಪದ ಬಿದಿರು ಅಥವಾ ರೀಪಿನ ಅಡ್ಡಗೋಲು ಹಾಕಿ. ಒಂದು ಕೋಳಿಗೆ ಎಂಟು ಇಂಚು ಲೆಕ್ಕ. ಮೊಟ್ಟೆಗೆ ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಪೆಟ್ಟಿಗೆ, ನಾಲ್ಕೈದು ಹೇಂಟೆಗೆ ಒಂದು. ಹಳೇ ತರಕಾರಿ ಬುಟ್ಟಿಗೆ ಹುಲ್ಲು ಹಾಕಿ ಕತ್ತಲೆ ಮೂಲೆಯಲ್ಲಿಟ್ಟರೂ ನಡೆಯುತ್ತದೆ. ಅದು ಅಡ್ಡಗೋಲಿಗಿಂತ ಕೆಳಗಿರಬೇಕು, ಇಲ್ಲದಿದ್ದರೆ ಎಲ್ಲವೂ ರಾತ್ರಿ ಅದರೊಳಗೇ ಮಲಗಿ ಹಿಕ್ಕೆ ಹಾಕುತ್ತವೆ.

ಯಾವ ಕೋಳಿ, ಎಲ್ಲಿಂದ

ಅಪ್ಪಟ ನಾಟಿ ಹೇಂಟೆ ವರ್ಷಕ್ಕೆ ಸುಮಾರು 60ರಿಂದ 80 ಮೊಟ್ಟೆ ಇಡುತ್ತದೆ. ಕಮ್ಮಿ ಅನಿಸಬಹುದು. ಆದರೆ ಕಾವಿಗೆ ಕೂರುತ್ತದೆ, ಮರಿ ಸಾಕುತ್ತದೆ, ಗಿಡುಗ ಕಂಡರೆ ಬೇಲಿ ಸೇರುತ್ತದೆ, ಅರ್ಧ ಮೇವು ತಾನೇ ಹುಡುಕಿಕೊಳ್ಳುತ್ತದೆ.

ಗಿರಿರಾಜ ನಮ್ಮ ರಾಜ್ಯದ್ದೇ ತಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಹೊರತಂದದ್ದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಆಗ ಅದರ ಅಡಿಯಲ್ಲೇ ಇತ್ತು. ನಾಟಿಯ ಎರಡು ಪಟ್ಟು ತೂಗುತ್ತದೆ, ಮೊಟ್ಟೆಯೂ 130ರ ಮೇಲೆ. ಆದರೆ ಮೈ ಭಾರ, ಓಡಲಾರದು, ನಾಯಿಗೆ ಬೇಗ ಸಿಗುತ್ತದೆ. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಚುರುಕು, ಮೊಟ್ಟೆಯೂ ಹೆಚ್ಚು. ಹಿತ್ತಲಿಗೆ ಎರಡರಲ್ಲಿ ಒಂದು ಆರಿಸು ಅಂದರೆ ನಾನು ಸ್ವರ್ಣಧಾರವನ್ನೇ ಆರಿಸುವುದು. ಹೆಸರಘಟ್ಟದ ಕೇಂದ್ರ ಸಂಸ್ಥೆಯ ಕಾವೇರಿ, ಹೈದರಾಬಾದಿನ ವನರಾಜ, ಗ್ರಾಮಪ್ರಿಯ ಕೂಡ ಇಲ್ಲಿ ಚೆನ್ನಾಗಿ ಒಗ್ಗಿವೆ.

ಒಂದು ವಿಷಯ ಮಾರುವವರು ಹೇಳುವುದಿಲ್ಲ. ಈ ಸುಧಾರಿತ ಕೋಳಿಗಳು ಕಾವಿಗೆ ಕೂರುವುದು ಅಪರೂಪ. ಅವುಗಳ ಮೊಟ್ಟೆಯಿಂದಲೇ ಮರಿ ಮಾಡಿಸಿದರೂ ಮುಂದಿನ ಪೀಳಿಗೆಯಲ್ಲಿ ಅದೇ ತೂಕ, ಅದೇ ಮೊಟ್ಟೆ ಸಿಗುವುದಿಲ್ಲ. ಹಾಗಾಗಿ ಏಳು ಸುಧಾರಿತ ಹೇಂಟೆಯ ಜೊತೆ ಎರಡು ನಾಟಿ ಹೇಂಟೆ ಇಟ್ಟುಕೊಳ್ಳಿ, ಕಾವಿನ ಕೆಲಸ ಅವು ನೋಡಿಕೊಳ್ಳುತ್ತವೆ.

ಮರಿಗಳನ್ನು ಸರ್ಕಾರಿ ಕೋಳಿ ಕೇಂದ್ರ, ಪಶುವೈದ್ಯಕೀಯ ಕಾಲೇಜು, ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೇಳಿ. ಹೋದ ದಿನವೇ ಸಿಗುವುದು ಕಷ್ಟ, ಮೊದಲೇ ಬುಕ್ ಮಾಡಬೇಕಾಗುತ್ತದೆ. ಹೊಸಬರಿಗೆ ಒಂದು ದಿನದ ಮರಿಗಿಂತ ಐದಾರು ವಾರದ ಮರಿ ಸುಲಭ. ಆ ವಯಸ್ಸಿನದಕ್ಕೆ ಯಾವ ಯಾವ ಲಸಿಕೆ ಆಗಿದೆ ಅಂತ ಬರೆಸಿಕೊಂಡು ಬನ್ನಿ.

ಸಂತೆ ಕೋಳಿ ಬೇಡವೇ ಬೇಡ ಅಂತೇನಿಲ್ಲ. ಆದರೆ ತಂದ ಕೋಳಿಯನ್ನು ಮೂರು ವಾರ ಬೇರೆ ಕಡೆ ಕಟ್ಟಿ, ಬೇರೆ ಬಟ್ಟಲಲ್ಲಿ ನೀರು ಕೊಟ್ಟು, ಸರಿಯಿದ್ದರೆ ಮಾತ್ರ ಒಳಗೆ ಬಿಡಿ. ಊರಿಗೆ ಊರೇ ಕೋಳಿ ಸಾಯುವ ರೋಗ ಎಷ್ಟೋ ಸಲ ಸಂತೆಯಿಂದಲೋ, ಜಾತ್ರೆಗೆ ತಂದ ಹರಕೆ ಕೋಳಿಯಿಂದಲೋ ಶುರುವಾಗುತ್ತದೆ.

ಒಂದು ದಿನದ ಮರಿ ತಂದರೆ

ತಾಯಿ ಇಲ್ಲದ ಮರಿಗೆ ನೀವೇ ಕಾವು ಕೊಡಬೇಕು. ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತಾ ಬನ್ನಿ. ಒಂದೂವರೆ ಅಡಿ ಎತ್ತರದ ತಗಡನ್ನೋ ದಪ್ಪ ರಟ್ಟನ್ನೋ ದುಂಡಗೆ ಸುತ್ತಿ, ನಡುವೆ 60 ವಾಟ್‌ನ ಹಳೇ ಕಾಲದ ಬಲ್ಬ್ ನೇತು ಹಾಕಿದರೆ ಇಪ್ಪತ್ತು ಮರಿಗೆ ಸಾಕಾಗುತ್ತದೆ. ಎಲ್‌ಇಡಿ ಬಲ್ಬ್ ಹಾಕಿ ಮರಿ ಸತ್ತವು ಅನ್ನುವವರು ಈಗ ಬಹಳ. ಅದರಲ್ಲಿ ಬೆಳಕುಂಟು, ಕಾವಿಲ್ಲ.

ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀಂ ಚೀಂ ಅಂತ ಕಿರುಚುತ್ತಿದ್ದರೆ ಚಳಿ, ಬಲ್ಬ್ ಇಳಿಸಿ. ರಟ್ಟಿನ ಅಂಚಿಗೆ ಹೋಗಿ ರೆಕ್ಕೆ ಬಿಟ್ಟು ಬಾಯಿ ತೆರೆದಿದ್ದರೆ ಸೆಕೆ, ಮೇಲಕ್ಕೆತ್ತಿ. ಎಲ್ಲ ಕಡೆ ಹರಡಿ ತಿನ್ನುತ್ತಾ ಮಲಗುತ್ತಾ ಇದ್ದರೆ ಸರಿಯಾಗಿದೆ. ಕರೆಂಟ್ ಹೋದಾಗ ಬಾಟಲಿಯಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿ ನಡುವೆ ಇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಮಾತ್ರ ಇಡಬೇಡಿ, ಹೊಗೆಗೇ ಸಾಯುತ್ತವೆ.

ತಂದ ಕೂಡಲೇ ಬೆಲ್ಲದ ನೀರು ಕೊಡಿ. ಒಂದೊಂದರ ಕೊಕ್ಕನ್ನು ನೀರಿಗೆ ಒಮ್ಮೆ ತಾಗಿಸಿ ಬಿಟ್ಟರೆ ಕಲಿತುಬಿಡುತ್ತವೆ. ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲು ಹಾಕಿಡಿ, ಇಲ್ಲದಿದ್ದರೆ ಮುಳುಗುತ್ತವೆ. ಮೊದಲ ಎರಡು ದಿನ ಹೊಟ್ಟಿನ ಮೇಲೆ ಪೇಪರ್ ಹಾಸಿ ಅದರ ಮೇಲೇ ಮೇವು ಚೆಲ್ಲಿ. ಒಂದು ತಿಂಗಳು ಅಂಗಡಿಯ ಚಿಕ್ ಸ್ಟಾರ್ಟರ್ ಮೇವೇ ಕೊಡಿ. ಈ ಒಂದು ತಿಂಗಳು ಮಾತ್ರ ಮನೆ ಮೇವಿನ ಪ್ರಯೋಗ ಬೇಡ.

ಲಸಿಕೆ: ಇದನ್ನು ಬಿಡಬೇಡಿ

ಕೊಕ್ಕರೆ ರೋಗ ಅಥವಾ ರಾಣಿಖೇತ್ ರೋಗಕ್ಕೆ ಔಷಧಿ ಇಲ್ಲ. ಕೋಳಿ ಕತ್ತು ಚಾಚಿ ಬಾಯಿ ತೆರೆದು ಉಸಿರೆಳೆಯುತ್ತದೆ. ಹಿಕ್ಕೆ ಬಿಳಿ-ಹಸಿರಾಗುತ್ತದೆ. ಕೆಲವು ಬದುಕಿದರೂ ಕತ್ತು ತಿರುಚಿಕೊಂಡು ಗಿರಗಿರ ತಿರುಗುತ್ತವೆ. ಬಂದ ಮೇಲೆ ಬೆಳ್ಳುಳ್ಳಿ, ಅರಿಶಿನ, ಮೆಣಸು ತಿನ್ನಿಸಿ ಏನೂ ಪ್ರಯೋಜನ ಇಲ್ಲ. ಬರುವ ಮುಂಚೆ ಹಾಕಿಸಿದ ಲಸಿಕೆಯೇ ಕಾಪಾಡಬೇಕು.

ಸಾಮಾನ್ಯ ವೇಳಾಪಟ್ಟಿ ಹೀಗಿದೆ. ಮ್ಯಾರೆಕ್ಸ್ ರೋಗದ ಲಸಿಕೆಯನ್ನು ಮರಿ ಕೇಂದ್ರದಲ್ಲೇ ಮೊದಲ ದಿನ ಹಾಕಿರುತ್ತಾರೆ. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ ಲಸೋಟ ಅಥವಾ ಎಫ್-1, ಕಣ್ಣಿಗೋ ಮೂಗಿಗೋ ಒಂದು ಹನಿ. ಹದಿನಾಲ್ಕನೇ ದಿನದ ಹೊತ್ತಿಗೆ ಗುಂಬೊರೊ ರೋಗದ ಲಸಿಕೆ. ನಾಲ್ಕನೇ ವಾರ ಮತ್ತೆ ಲಸೋಟ. ಆರೇಳನೇ ವಾರ ಸಿಡುಬಿನ ಲಸಿಕೆ, ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚುವುದು. ಎಂಟು ವಾರ ದಾಟಿದ ಮೇಲೆ ಕೊಕ್ಕರೆ ರೋಗದ್ದೇ ಇನ್ನೊಂದು ಲಸಿಕೆ ಆರ್2ಬಿ, ಅರ್ಧ ಮಿಲಿ ಇಂಜೆಕ್ಷನ್. ನಿಮ್ಮ ಊರಿನ ಪಶುವೈದ್ಯರು ದಿನಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಬಹುದು, ಅವರು ಹೇಳಿದಂತೆ ಮಾಡಿ.

ಕಷ್ಟ ಇರುವುದು ಇಲ್ಲಿ: ಲಸಿಕೆಯ ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಇರುತ್ತದೆ, ನಿಮ್ಮ ಹತ್ತಿರ ಇರುವುದು ಹತ್ತು. ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡುವ ಹಾಗಿಲ್ಲ. ಬೀದಿಯಲ್ಲಿ ಕೋಳಿ ಇರುವವರನ್ನೆಲ್ಲ ಒಟ್ಟು ಸೇರಿಸಿ ಒಂದೇ ದಿನ ಹಾಕುವುದು ಉತ್ತಮ. ದುಡ್ಡೂ ಉಳಿಯಿತು, ಪಕ್ಕದ ಮನೆ ಕೋಳಿಯಿಂದ ರೋಗ ಬರುವ ದಾರಿಯೂ ಮುಚ್ಚಿತು, ಅಲ್ವಾ?

ಹಾಕುವ ಕ್ರಮ ಹೇಳುತ್ತೇನೆ. ಅಂಗಡಿಯಿಂದ ತರುವಾಗ ಥರ್ಮಾಸ್ ಫ್ಲಾಸ್ಕಿಗೆ ಐಸ್ ಹಾಕಿಕೊಂಡು ಹೋಗಿ. ಬಿಸಿಲಿಗೆ ಬೈಕಿನ ಡಿಕ್ಕಿಯಲ್ಲಿ ತಂದ ಲಸಿಕೆ ಬರೀ ನೀರಿಗೆ ಸಮ. ಸೂರ್ಯ ಏರುವ ಮುಂಚೆ ಅಥವಾ ಸಂಜೆ ಗೂಡಿಗೆ ಸೇರಿದ ಮೇಲೆ ಕೂತುಕೊಳ್ಳಿ. ಒಬ್ಬರು ಮರಿ ಹಿಡಿದು ತಲೆ ಓರೆ ಮಾಡಲಿ, ಇನ್ನೊಬ್ಬರು ಕಣ್ಣಿಗೆ ಒಂದು ಹನಿ ಬಿಡಲಿ. ಹನಿ ಬಿದ್ದ ಕೂಡಲೇ ಕೆಳಗೆ ಬಿಡಬೇಡಿ. ಹನಿ ಕಣ್ಣ ಮೇಲೆ ಗುಂಡಗೆ ನಿಂತಿರುತ್ತದೆ. ಮರಿ ಒಮ್ಮೆ ರೆಪ್ಪೆ ಬಡಿದು ಅದು ಒಳಗೆ ಹೋದ ಮೇಲೆ ಬಿಡಿ. ಅಷ್ಟರೊಳಗೆ ತಲೆ ಕೊಡವಿದರೆ ಇನ್ನೊಂದು ಹನಿ. ಮಂಕಾದ ಮರಿಗೆ ಆ ದಿನ ಹಾಕಬೇಡಿ.

ಉಳಿದ ಕಾಯಿಲೆಗಳಲ್ಲಿ ಮೂರರಿಂದ ಆರು ವಾರದ ಮರಿಗೆ ಬರುವ ರಕ್ತಭೇದಿ ಮುಖ್ಯ. ಹಿಕ್ಕೆಯಲ್ಲಿ ರಕ್ತ, ಪುಕ್ಕ ಕೆದರಿ ಮುದುರಿ ಕೂರುವುದು. ಒದ್ದೆ ಹೊಟ್ಟೇ ಇದಕ್ಕೆ ಮೂಲ. ಹೊಟ್ಟು ಬದಲಿಸಿ, ಪಶುವೈದ್ಯರನ್ನು ಕೇಳಿ ನೀರಿಗೆ ಹಾಕುವ ಆಂಪ್ರೋಲಿಯಂ ತನ್ನಿ. ಎರಡು ಮೂರು ತಿಂಗಳಿಗೊಮ್ಮೆ ಜಂತುಹುಳಕ್ಕೆ ಔಷಧಿ ಕೊಡಿ. ಹೇನಿಗೆ ಬೂದಿ, ಮರಳು ಬೆರೆಸಿ ಒಂದು ಹಳೇ ಟೈರಿನೊಳಗೆ ಹಾಕಿಡಿ, ಹೊರಳಾಡಿ ತಾವೇ ಕಳೆದುಕೊಳ್ಳುತ್ತವೆ.

ಒಂದೇ ಸಲ ನಾಲ್ಕೈದು ಕೋಳಿ ಸತ್ತರೆ ಕೊಯ್ದು ತಿನ್ನಬೇಡಿ, ಮಾರಬೇಡಿ, ಹೊಳೆಗೆ ಎಸೆಯಬೇಡಿ. 2012ರಲ್ಲಿ ಹೆಸರಘಟ್ಟದಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಂಡಿದ್ದು ನೆನಪಿರಲಿ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಅವರು ಹೇಳಿದ ಮೇಲೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

ಮೇವು, ನೀರು

ದೊಡ್ಡ ಕೋಳಿ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ತಿನ್ನುತ್ತದೆ. ಹೊರಗೆ ಹುಳ, ಹುಲ್ಲು ಸಿಗುವ ಕಡೆ ನೀವು ಅದರ ಅರ್ಧ ಕೊಟ್ಟರೆ ಸಾಕು. ಬರೀ ಅಕ್ಕಿ ನುಚ್ಚು, ಉಳಿದ ಮುದ್ದೆ ಹಾಕಿದರೆ ಕೋಳಿ ಕೊಬ್ಬುತ್ತದೆ, ಮೊಟ್ಟೆ ಇಡುವುದಿಲ್ಲ.

ಹತ್ತು ಕೆ.ಜಿ. ಮನೆ ಮೇವಿಗೆ ಐದು ಕೆ.ಜಿ. ಮುಸುಕಿನ ಜೋಳದ ನುಚ್ಚು (ಅರ್ಧ ರಾಗಿಯೂ ಆಗುತ್ತದೆ), ಎರಡು ಕೆ.ಜಿ. ಅಕ್ಕಿ ತೌಡು, ಎರಡು ಕೆ.ಜಿ. ಕಡಲೆಕಾಯಿ ಹಿಂಡಿ, ಅರ್ಧ ಕೆ.ಜಿ. ಉಪ್ಪಿಲ್ಲದ ಒಣಮೀನಿನ ಪುಡಿ, ಉಳಿದದ್ದು ಖನಿಜ ಮಿಶ್ರಣ ಮತ್ತು ಚಿಪ್ಪಿನ ಪುಡಿ. ಹಿಂಡಿಯನ್ನು ಮೂಸಿ ನೋಡಿ ತನ್ನಿ. ಬೂಷ್ಟು ಹಿಡಿದ ಹಿಂಡಿ, ಬೂಷ್ಟು ಹಿಡಿದ ಜೋಳ ಕೋಳಿಗೆ ವಿಷ. ಹದಿನೈದು ದಿನಕ್ಕಾಗುವಷ್ಟು ಮಾತ್ರ ಬೆರೆಸಿಡಿ, ಮಳೆಗಾಲದಲ್ಲಿ ಅದಕ್ಕೂ ಕಮ್ಮಿ.

ಮೊಟ್ಟೆ ಇಡುವ ಹೇಂಟೆಗೆ ಸುಣ್ಣದ ಅಂಶ ಬೇಕೇ ಬೇಕು. ಕಪ್ಪೆಚಿಪ್ಪಿನ ಚೂರನ್ನೋ, ಹುರಿದು ಪುಡಿ ಮಾಡಿದ ಮೊಟ್ಟೆ ಸಿಪ್ಪೆಯನ್ನೋ ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ತಾವೇ ತಿನ್ನುತ್ತವೆ. ಸಿಪ್ಪೆಯನ್ನು ಚೆನ್ನಾಗಿ ಪುಡಿ ಮಾಡಿ. ಮೊಟ್ಟೆ ಆಕಾರದಲ್ಲೇ ಹಾಕಿದರೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತುತ್ತದೆ, ಹತ್ತಿದ ಚಟ ಬಿಡಿಸುವುದು ಬಲು ಕಷ್ಟ.

ಹುಳದ ಆಸೆಗೆ ಗೆದ್ದಲು ಹಿಡಿಯುವ ಹಳೇ ಉಪಾಯ ಈಗಲೂ ಚೆನ್ನ. ಮಡಕೆಗೆ ಒದ್ದೆ ಹುಲ್ಲು, ಒಣ ಸಗಣಿ ತುಂಬಿ, ಗೆದ್ದಲು ಇರುವ ನೆಲದ ಮೇಲೆ ಸಂಜೆ ಬೋರಲು ಹಾಕಿ. ಬೆಳಗ್ಗೆ ಎತ್ತಿದರೆ ಒಳಗೆಲ್ಲ ಗೆದ್ದಲು. ಮರಿಗಳ ಮುಂದೆ ಕೊಡವಿದರೆ ಕ್ಷಣದಲ್ಲಿ ಖಾಲಿ. ಅಜೋಲ್ಲಾ (ನೀರಿನ ಮೇಲೆ ತೇಲಿ ಬೆಳೆಯುವ ಸಣ್ಣ ಗಿಡ), ನುಗ್ಗೆಸೊಪ್ಪು ಕೂಡ ಕೊಡಬಹುದು. ಉಪ್ಪಿನಕಾಯಿ, ಉಪ್ಪು ಜಾಸ್ತಿ ಇರುವ ಸಾರು ಹಾಕಬೇಡಿ.

ದೊಡ್ಡ ಪಾಲನ್ನು ಸಂಜೆಗೆ ಇಟ್ಟುಕೊಳ್ಳಿ. ಗೂಡಿನ ಬಾಗಿಲಲ್ಲೇ ನಿಂತು ದಿನಾ ಒಂದೇ ಹೊತ್ತಿಗೆ ಬಾ ಬಾ ಬಾ ಅಂತ ಕರೆದು ಕಾಳು ಚೆಲ್ಲಿದರೆ ವಾರದಲ್ಲಿ ರೂಢಿಯಾಗುತ್ತದೆ. ಹೊಸ ಕೋಳಿಯನ್ನು ಮೊದಲ ವಾರ ಗೂಡಿನಿಂದ ಹೊರಗೆ ಬಿಡಲೇಬೇಡಿ. ಇದೇ ತನ್ನ ಮನೆ ಅಂತ ಅದಕ್ಕೆ ಗೊತ್ತಾಗಬೇಕು. ಗೂಡಿಗೆ ಬಂದಾಗ ಎದೆಯ ಮೇಲಿನ ಕಾಳಿನ ಚೀಲ ಮುಟ್ಟಿ ನೋಡಿ. ತುಂಬಿ ಗಟ್ಟಿಯಾಗಿದ್ದರೆ ಹೊಟ್ಟೆ ತುಂಬಿದೆ. ಖಾಲಿ ಇದ್ದರೆ ಆ ಕೋಳಿಗೆ ಹುಷಾರಿಲ್ಲ, ಇಲ್ಲವೇ ಬೇರೆ ಕೋಳಿಗಳು ಅದನ್ನು ತಿನ್ನಲು ಬಿಡುತ್ತಿಲ್ಲ.

ನೀರು ಒಂದಕ್ಕೆ ದಿನಕ್ಕೆ ಕಾಲು ಲೀಟರ್ ಹತ್ತಿರ, ಏಪ್ರಿಲ್‌ನಲ್ಲಿ ಅದರ ಎರಡು ಪಟ್ಟು. ಮಣ್ಣಿನ ಬಾನಿಯಲ್ಲಿ, ನೆರಳಲ್ಲಿ ಇಡಿ.

ಕಾವು ಕೂರಿಸುವುದು

ಐದಾರು ತಿಂಗಳಿಗೆ ಮೊದಲ ಮೊಟ್ಟೆ. ನಾಟಿ ಹೇಂಟೆ ಒಂದು ಸುತ್ತು ಮೊಟ್ಟೆ ಇಟ್ಟ ಮೇಲೆ ಕಾವಿಗೆ ಬರುತ್ತದೆ. ಕೈ ಹಾಕಿದರೆ ಮೈಯೆಲ್ಲ ಉಬ್ಬಿಸಿ ಕ್ರ್‌ರ್ ಅಂತ ಗದರಿಸುತ್ತದೆ, ಬುಟ್ಟಿ ಬಿಟ್ಟು ಏಳುವುದಿಲ್ಲ, ಎದೆಯ ಪುಕ್ಕ ಉದುರಿ ಚರ್ಮ ಬೆಚ್ಚಗಿರುತ್ತದೆ. ಎರಡು ದಿನ ಹೀಗೇ ಇದ್ದರೆ ಮೊಟ್ಟೆ ಇಡಬಹುದು.

ಅಗಲ ಬುಟ್ಟಿಗೆ ಬೂದಿ ಬೆರೆಸಿದ ಮರಳು, ಮೇಲೆ ಹುಲ್ಲು. ವಾರದೊಳಗಿನ ಮೊಟ್ಟೆ, ಬೇಸಿಗೆಯಲ್ಲಾದರೆ ಐದು ದಿನದೊಳಗಿನದು, ಹತ್ತರಿಂದ ಹನ್ನೆರಡು. ಬಿರುಕಿನದು, ತೀರಾ ಸಣ್ಣದು ಬೇಡ. ಫ್ರಿಜ್ಜಿನಲ್ಲಿಟ್ಟ ಮೊಟ್ಟೆಯೂ ಬೇಡ. ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ಹಿರಿಯರು ಕಬ್ಬಿಣದ ಚೂರನ್ನೋ ಇದ್ದಿಲನ್ನೋ ಬುಟ್ಟಿಗೆ ಹಾಕುತ್ತಾರೆ. ಅದರಿಂದ ನಷ್ಟವೇನಿಲ್ಲ, ಅಜ್ಜಿ ಹಾಕಿ ಅಂದರೆ ಹಾಕಿಬಿಡಿ.

ರಾತ್ರಿ ಹೊತ್ತಲ್ಲಿ ಕೂರಿಸಿ. ದಿನಕ್ಕೊಮ್ಮೆ ತಾನೇ ಎದ್ದು ತಿಂದು, ಹಿಕ್ಕೆ ಹಾಕಿ ಬರುತ್ತದೆ. ಏಳನೇ ರಾತ್ರಿ ಕತ್ತಲೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಒತ್ತಿ ಹಿಡಿದು ನೋಡಿ. ಜೇಡನ ಕಾಲಿನಂತೆ ಕೆಂಪು ನರ ಹರಡಿ ನಡುವೆ ಕಪ್ಪು ಚುಕ್ಕೆ ಕಂಡರೆ ಮರಿ ಬೆಳೆಯುತ್ತಿದೆ. ಬರೀ ಹಳದಿ ಬೆಳಕು ಕಂಡರೆ ಅದು ಬಂಜೆ ಮೊಟ್ಟೆ, ತೆಗೆಯಿರಿ. ಇಪ್ಪತ್ತೊಂದನೇ ದಿನ ಮರಿ ಹೊರಬರುತ್ತದೆ. ಕೊನೆಯ ಮೂರು ದಿನ ಮುಟ್ಟಬೇಡಿ, ಚಿಪ್ಪು ಒಡೆದು ಸಹಾಯ ಮಾಡಲೂ ಹೋಗಬೇಡಿ.

ಮರಿ ಬೇಡ, ಮೊಟ್ಟೆ ಬೇಕು ಅನ್ನುವಾಗ ಕಾವು ಬಿಡಿಸಲು ಕೆಲವು ಕಡೆ ಮೂಗಿಗೆ ಗರಿ ಚುಚ್ಚುತ್ತಾರೆ. ಅದು ಹಿಂಸೆ. ತಳಕ್ಕೆ ಗಾಳಿ ಆಡುವ ಪಂಜರದಲ್ಲಿ, ಹುಲ್ಲಿಲ್ಲದೆ, ಬೆಳಕಲ್ಲಿ ಮೂರು ನಾಲ್ಕು ದಿನ ಬಿಟ್ಟರೆ ಕಾವು ಇಳಿಯುತ್ತದೆ.

ಮನೆಯ ಬೇರೆ ಪ್ರಾಣಿಗಳ ಜೊತೆ

ಹಸು ಇದ್ದರೆ ಕೋಳಿಗೆ ಸಂತೋಷ. ಕೊಟ್ಟಿಗೆಯ ಉಣ್ಣೆ, ಸಗಣಿಯ ಹುಳ ಎಲ್ಲ ಅದರ ಪಾಲು. ಆದರೆ ಮೇವಿನ ಗೋದಲಿಯ ಮೇಲೆ ಮಲಗಲು ಬಿಡಬೇಡಿ, ಹಿಕ್ಕೆ ಬಿದ್ದ ಹುಲ್ಲನ್ನು ಹಸು ಮುಟ್ಟುವುದಿಲ್ಲ. ಆಡು, ಕುರಿ ಇದ್ದವರು ಕೋಳಿ ಮೇವಿನ ಡಬ್ಬಕ್ಕೆ ಬಿಗಿ ಮುಚ್ಚಳ ಹಾಕಿ. ಜೋಳದ ನುಚ್ಚಿನ ಮೇವನ್ನು ಆಡು ಒಂದೇ ಸಲ ಹೊಟ್ಟೆ ತುಂಬಾ ತಿಂದರೆ ಹೊಟ್ಟೆ ಉಬ್ಬಿ ಸಾಯುವುದೂ ಉಂಟು. ಬಾತುಕೋಳಿಗೆ ಬೇರೆ ಗೂಡು ಕೊಡಿ, ಅದು ನೀರು ಚೆಲ್ಲಿ ಎಲ್ಲ ಒದ್ದೆ ಮಾಡುತ್ತದೆ. ಗಿನಿ ಕೋಳಿ ಎರಡಿದ್ದರೆ ಹಾವು, ಹೊಸ ಮನುಷ್ಯ ಯಾರು ಬಂದರೂ ಬೀದಿಗೆಲ್ಲ ಕೇಳುವಂತೆ ಕಿರುಚುತ್ತವೆ. ನೆರೆಯವರು ಅದನ್ನು ಇಷ್ಟಪಡುತ್ತಾರೋ ಇಲ್ಲವೋ ನೋಡಿಕೊಳ್ಳಿ.

ನಾಯಿಮರಿಯನ್ನು ಚಿಕ್ಕಂದಿನಲ್ಲೇ ಕೋಳಿಗಳ ಜೊತೆ ಬೆಳೆಸಿ. ಹಗ್ಗ ಕಟ್ಟಿ ಹತ್ತಿರ ಕೂರಿಸಿ, ಎಗರಿದಾಗ ಗದರಿಸಿ, ಸುಮ್ನೆ ಇದ್ದಾಗ ಬಿಸ್ಕತ್ತು ಕೊಡಿ. ಕಾಡಿನಿಂದ ಹಿಡಿದು ತಂದ ಕೌಜುಗ, ಗಿಳಿ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಹಿಕ್ಕೆ ಗೊಬ್ಬರ

ಗೂಡಿನಲ್ಲಿ ಕಣ್ಣು ಉರಿಯುವ ವಾಸನೆ ಬಂದರೆ ಹೊಟ್ಟು ಒದ್ದೆಯಾಗಿದೆ ಅಂತ ಅರ್ಥ. ಸ್ವಲ್ಪ ಸುಣ್ಣದ ಪುಡಿ ಉದುರಿಸಿ, ಕೆದಕಿ ಗಾಳಿ ಆಡಿಸಿ, ಆಗದಿದ್ದರೆ ಬದಲಿಸಿ. ತೆಗೆದ ಹೊಟ್ಟನ್ನು ನೇರ ಗಿಡದ ಬುಡಕ್ಕೆ ಹಾಕಿದರೆ ಉಷ್ಣಕ್ಕೆ ಬೇರು ಸುಡುತ್ತದೆ. ಒಣ ಎಲೆ, ಮಣ್ಣು ಬೆರೆಸಿ ಮೂಲೆಯಲ್ಲಿ ಗುಡ್ಡೆ ಹಾಕಿ, ಆಗಾಗ ನೀರು ಚಿಮುಕಿಸಿ, ಮಗುಚಿ ಹಾಕುತ್ತಿರಿ. ಎರಡು ಮೂರು ತಿಂಗಳಿಗೆ ವಾಸನೆ ಹೋಗಿ ಕಪ್ಪಾದ ಮೇಲೆ ತೆಂಗು, ಬಾಳೆ, ಕರಿಬೇವು ಯಾವುದಕ್ಕೆ ಬೇಕಾದರೂ ಹಾಕಬಹುದು.